ಚಾವಿಯ ಹೊರೆ ಇಳಿಸುವ ಖೈರುನ್ನಿಸಾ

ಬೆಳಗಿನ ಆರೂವರೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಲಾರಿಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿವೆ. ಹಮಾಲರು ಇನ್ನೂ ಚಹಾ ಮುಗಿಸಿಲ್ಲ. ಮೂಲೆಯಂಗಡಿಯ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಕೂತ ಖೈರುನ್ನಿಸಾ ಮಾತ್ರ ಆಗಲೇ ಸಿಟ್ಟಿಗೆದ್ದಿದ್ದಾರೆ. ಅವರೆದುರು ನಿಂತಿರುವವರು ಬೇಳೆ ಅಂಗಡಿಯ ಗುಮಾಸ್ತ ಹಾವಗೆಪ್ಪ. ಷಟರಿನ ಚಾವಿಗೊಂದು ನಕಲು ಮಾಡಿಸಬೇಕು, ಅಷ್ಟೇ ಅವರ ಕೆಲಸ. ಆದರೆ ಅವರ ಪೈಜಾಮದ ಲಾಡಿಗೆ ಕಟ್ಟಿದ ಗೊಂಚಲಿನಲ್ಲಿ ಇಪ್ಪತ್ತೇಳು ಚಾವಿಗಳಿವೆ. ಖೈರುನ್ನಿಸಾ ಅರ ಮುಟ್ಟುತ್ತಿಲ್ಲ. ಗೊಂಚಲನ್ನೇ ಬಿಚ್ಚಿ ಹರಡುತ್ತಿದ್ದಾರೆ.

“ಇದು ಯಾವ ಕೀಲಿದು, ಕಾಕಾ?”

“ಹಳೇ ಗೋದಾಮಿಂದು ಇರಬೇಕವಾ.”

“ಆ ಗೋದಾಮ ಎಲ್ಲದ?”

“ಕೆಡವ್ಯಾರ. ಆರು ವರ್ಷ ಆತು.”

“ಕೆಡವಿದ ಗೋದಾಮಿನ ಚಾವಿ ಕಟಗೊಂಡು ಯಾಕ ತಿರಗ್ತೀರಿ?”

“ಇರ್ಲಿ ಅಂತ.”

ಖೈರುನ್ನಿಸಾ ನನ್ನ ಕಡೆ ತಿರುಗುತ್ತಾರೆ. “ಕೇಳಿದ್ರೇನ್ರಿ? ಈ ‘ಇರ್ಲಿ ಅಂತ’ ಬೀದರದಾಗ ಅದ, ಭಾಲ್ಕಿದಾಗ ಅದ, ಔರಾದದಾಗ ಸೈತ ಅದ. ಇಪ್ಪತ್ತೆಂಟು ವರ್ಷದಿಂದ ಕೇಳ್ಲಾಕತ್ತೀನಿ.”

ಅರ್ಧ ಗಂಟೆಯ ಜಗಳದ ಬಳಿಕ ಹಾವಗೆಪ್ಪನವರ ಗೊಂಚಲು ಆರು ಚಾವಿಗೆ ಇಳಿಯುತ್ತದೆ. ಪೈಜಾಮ ಈಗ ಜಾರುವುದಿಲ್ಲವೆಂದು ಅವರು ನಗುತ್ತಾರೆ. ಖೈರುನ್ನಿಸಾ ನಗುವುದಿಲ್ಲ. ಮುಂದಿನವರು ಹದಿನೆಂಟು ಚಾವಿಯ ಗೊಂಚಲು ಹಿಡಿದು ನಿಂತಿದ್ದಾರೆ.

ಚಾವಿ ಮಾಡಿಕೊಡುವವರು ಈ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಕೇಳಿದ್ದನ್ನು ಮಾಡಿಕೊಟ್ಟು ಕಳಿಸುತ್ತಾರೆ. ಕೇಳದಿದ್ದನ್ನೂ ಮಾಡಿ ಬೈಸಿಕೊಳ್ಳುವವರು ಇವರೊಬ್ಬರೇ ಇರಬೇಕು. ವಯಸ್ಸು ನಲವತ್ತೊಂಬತ್ತು. ತಂದೆ ಮಹಮ್ಮದ ಇಸ್ಮಾಯಿಲ ಬೀದರಿನ ಹಳೆಯ ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಅವರ ಕಣ್ಣು ಮಂದವಾದಾಗ ಮಗಳು ಚಾವಿಗೆ ಹಲ್ಲು ಕೊರೆದಳು, ತಂದೆ ಹೆಬ್ಬೆರಳಿನಲ್ಲಿ ಸವರಿ ತಪ್ಪು ಹೇಳಿದರು. ತಂದೆ ಹೋದ ಮೇಲಿನ ಎರಡು ವರ್ಷ ಬಹಳ ಕಷ್ಟದ್ದು. “ಬಂದವ್ರು ‘ಮಿಸ್ತ್ರಿ ಎಲ್ಲಿ’ ಅಂತಿದ್ರು. ನಾನೇ ಅಂದ್ರ ಚಾವಿ ವಾಪಸ್ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು.”

ಈಗ ವಾರದ ನಾಲ್ಕು ದಿನ ಬೀದರ, ಎರಡು ದಿನ ಭಾಲ್ಕಿ, ಸೋಮವಾರ ಔರಾದ. ಹನ್ನೊಂದು ಕಿಲೋದ ಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಮೊಣಕಾಲು ನೋವಿದೆ. ದಿನಕ್ಕೆ ಇಪ್ಪತ್ತು ನಕಲು ಮಾಡಿದರೆ, ಕೈಯಲ್ಲಿ ಹಾದುಹೋಗುವ ಚಾವಿಗಳು ಇನ್ನೂರಕ್ಕೂ ಹೆಚ್ಚು. ಅದರಲ್ಲಿ ಮೂರರಲ್ಲೊಂದು ಯಾವ ಬೀಗದ್ದೆಂದು ಹೊತ್ತವರಿಗೇ ಗೊತ್ತಿರುವುದಿಲ್ಲ. ಮೇಲಾಗಿ, ಓಣಿಯಲ್ಲಿ ಕಳ್ಳತನವಾದರೆ ಜನ ಮೊದಲು ಇವರ ಮುಖ ನೋಡುತ್ತಾರೆ. ಅದಕ್ಕೇ ಗುರುತಿಲ್ಲದವರಿಗೆ, ಬೀಗ ತೋರಿಸದೆ ನಕಲಿಲ್ಲ. ಅದಕ್ಕೂ ಬೈಗುಳ ತಿನ್ನುತ್ತಾರೆ.

ಅವರ ರೀತಿ ಸರಳ. ದಿನಾ ಬೇಕಾದ ಚಾವಿ ಕೈಯಲ್ಲಿ, ಅಪರೂಪದ್ದು ಮನೆಯ ಮೊಳೆಯಲ್ಲಿ, ಬೀಗವೇ ಇಲ್ಲದ್ದು ಗುಜರಿ ಡಬ್ಬಿಯಲ್ಲಿ. ದಿನದ ಚಾವಿಯ ತಲೆಗೆ ಅರದಿಂದ ಕಚ್ಚು ಹಾಕುತ್ತಾರೆ: ಮುಂಬಾಗಿಲಿಗೆ ಒಂದು, ಹಿಂಬಾಗಿಲಿಗೆ ಎರಡು. ಕತ್ತಲಲ್ಲೂ ಬೆರಳಿಗೆ ತಿಳಿಯಬೇಕು. ಬೀಗಗಳ ಒಳಗಿನ ಪಿನ್ನು ಬದಲಿಸಿ, ನಾಲ್ಕೈದು ಬೀಗಗಳಿಗೆ ಒಂದೇ ಚಾವಿ ಕೂರಿಸುವುದೂ ಉಂಟು.

ಇಷ್ಟು ತಿಳಿಸಲು ಹೊತ್ತು ಹೋಗುತ್ತದೆ. ಭಾಲ್ಕಿಯಲ್ಲಿ ನಾನಿದ್ದ ದಿನ ಮೆಹಕರದ ಪುತಳಾಬಾಯಿ ಒಂದೇ ಟ್ರಂಕಿನ ಮೂರು ಚಾವಿಗಳನ್ನು ಒಂದೇ ದಾರಕ್ಕೆ ಕಟ್ಟಿ ತಂದಿದ್ದರು. “ಒಂದು ಕಳದ್ರ ಇನ್ನೊಂದು ಇರ್ತದಲ್ರಿ” ಎಂಬುದು ಅವರ ವಾದ. ಖೈರುನ್ನಿಸಾ ಹಣೆಗೆ ಕೈ ಹಚ್ಚಿ ಕೂತರು. “ಮೂರೂ ಕೂಡೇ ಕಳೀತಾವಲ್ಲಕ್ಕಾ.”

ಈ ಹಟ ಯಾಕೆಂದು ಔರಾದಿನಲ್ಲಿ ಗೊತ್ತಾಗುತ್ತದೆ. ಅಲ್ಲಿನ ಒಂದು ಖಾಸಗಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೌಸಲ್ಯಾಬಾಯಿಯವರ ಬಳಿ ನಲವತ್ಮೂರು ಚಾವಿಗಳಿದ್ದವು. ಹೋದ ಮಳೆಗಾಲದಲ್ಲಿ ಅವರು ನಕಲಿಗೆಂದು ಬಂದಾಗ, ಖೈರುನ್ನಿಸಾ ಗೊಂಚಲು ಹಗುರ ಮಾಡಿಕೊಡುತ್ತೇನೆಂದರು. “ಎಲ್ಲಾ ನನಗ ಗೊತ್ತದ. ಕೊಟ್ಟ ಕೆಲಸ ಮಾಡ್ರಿ” ಎಂದು ವಾರ್ಡನ್ ಹೊರಟುಹೋದರು.

ಮೂರು ವಾರದ ನಂತರ ಒಂದು ಸೋಮವಾರ ಮಧ್ಯಾಹ್ನ, ಹಾಸ್ಟೆಲಿನ ಮುಂದಿನ ಮೆಟ್ಟಿಲ ಕೆಳಗಿದ್ದ ಕರೆಂಟಿನ ಬೋರ್ಡಿಗೆ ಬೆಂಕಿ ಹತ್ತಿತು. ಮಹಡಿಯಲ್ಲಿ ಹತ್ತೊಂಬತ್ತು ಹುಡುಗಿಯರು. ಹಿಂದಿನ ಮೆಟ್ಟಿಲ ಕಬ್ಬಿಣದ ಗೇಟಿಗೆ ಬೀಗ. ಕೌಸಲ್ಯಾಬಾಯಿ ಒಂದೊಂದೇ ಚಾವಿ ಹಾಕಿ ನೋಡಿದರು. ಗೊಂಚಲು ಜಾರಿ ಬಿತ್ತು. ಎತ್ತಿಕೊಂಡಾಗ ಯಾವುದನ್ನು ಹಾಕಿ ನೋಡಿಯಾಗಿದೆ, ಯಾವುದನ್ನು ಇಲ್ಲ, ತಿಳಿಯಲಿಲ್ಲ. ಅಡುಗೆಯಾಕೆ, ಸೋಮವಾರ ಖೈರುನ್ನಿಸಾ ಕೂರುವ ಬಸ್ ನಿಲ್ದಾಣದತ್ತ ಓಡಿದಳು.

ಖೈರುನ್ನಿಸಾ ಬಂದಾಗ ಹೊಗೆ ಹಿಂದಿನ ಮೆಟ್ಟಿಲಿಗೂ ಇಳಿದಿತ್ತು. ಯಾರೋ ಬೀಗವನ್ನು ಕಲ್ಲಿನಿಂದ ಜಜ್ಜುತ್ತಿದ್ದರು. “ಬಾಯಿ ಸೊಟ್ಟ ಆದ್ರ ಚಾವಿ ಸಿಕ್ರೂ ತಗೀಲಿಕ್ಕ ಬರೂದಿಲ್ಲ, ಬಿಡ್ರಿ” ಎಂದು ಅವರನ್ನು ಸರಿಸಿದರು. ಬೀಗದ ಬಾಯಿ ನೋಡಿದರು. ಅದಕ್ಕೆ ಅಗಲ ಅಲಗಿನ ಚಾವಿ ಬೇಕು. ಗೊಂಚಲಿನಲ್ಲಿ ಅಂಥವು ನಾಲ್ಕೇ ಇದ್ದವು. ಮೂರನೆಯದು ತಿರುಗಿತು.

ಹುಡುಗಿಯರೆಲ್ಲ ಹೊರಬಂದರು. ಉಬ್ಬಸವಿದ್ದ ಒಬ್ಬಾಕೆ ಎರಡು ದಿನ ಆಸ್ಪತ್ರೆಯಲ್ಲಿದ್ದು ಗುಣವಾದಳು. ಖೈರುನ್ನಿಸಾ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಅತ್ತು ಮುಗಿದ ಮೇಲೆ ಎದ್ದು ವಾರ್ಡನ್‌ರನ್ನು ಬೈದರು.

“ಹತ್ತು ಮಂದಿ ಮುಂದ ಬೈದ್ರು” ಎನ್ನುತ್ತಾರೆ ಕೌಸಲ್ಯಾಬಾಯಿ. “ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೆ. ಮರುದಿನ ನಾನೇ ಹೋಗಿ, ‘ಆಪಾ, ಬರ್ರಿ’ ಅಂತ ಕರದೆ.”

ಆ ಮಂಗಳವಾರ ಖೈರುನ್ನಿಸಾ ಭಾಲ್ಕಿಗೆ ಹೋಗಲಿಲ್ಲ. ಎರಡು ದಿನ ಕೂತು ಹಾಸ್ಟೆಲಿನ ಬೀಗಗಳನ್ನೆಲ್ಲ ಬಿಚ್ಚಿ ಜೋಡಿಸಿದರು. ನಲವತ್ಮೂರು ಚಾವಿ ಐದಾಯಿತು. ಹಿಂದಿನ ಗೇಟಿಗೆ ಈಗ ಬೀಗವೇ ಇಲ್ಲ. ಒಳಗಿನಿಂದ ತೆಗೆಯುವ ಅಗುಳಿ ಇದೆ.

ಇಷ್ಟಾದ ಮೇಲೂ ಔರಾದಿನ ಬೇರೆ ಯಾವ ಹಾಸ್ಟೆಲೂ, ಯಾವ ಕಲ್ಯಾಣಮಂಟಪವೂ ಇವರನ್ನು ಕರೆದಿಲ್ಲ. ಇವರೇ ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. “ಬೆಂಕಿ ಹತ್ತಿದ ಮ್ಯಾಲೇ ಕರೀತಾರೇನ್ರಿ? ಒಂದು ದಿನ ಒಳಗ ಬಿಡ್ಲಿ, ಸಾಕು. ಚಹಾ ಸೈತ ಬ್ಯಾಡ ನನಗ.” ಅವರ ದೊಡ್ಡ ಆಸೆ ಇದೇ.

ಹೇಳಿ ಮುಗಿಸಿ ಚಾವಿಯೊಂದನ್ನು ಉಜ್ಜುತ್ತಾರೆ. ದನಿ ಮೆತ್ತಗಾಗುತ್ತದೆ.

“ಆ ಹುಡುಗ್ಯಾರ ಹೆಸರು ನನಗ ಗೊತ್ತಿಲ್ರಿ. ಹೋದ ತಿಂಗಳ ಬಸ್ ಸ್ಟ್ಯಾಂಡದಾಗ ಅವರೊಳಗಿನ ಒಬ್ಬಾಕಿ ಬಂದು ನಿಂತ್ಲು. ‘ಖಾಲಾ, ಪರೀಕ್ಷಾ ಬರೀಲಿಕ್ಕ ಹೊಂಟೀನಿ’ ಅಂದ್ಲು. ‘ಹೋಗಿ ಬಾರವ್ವ’ ಅಂದೆ. ಬಸ್ ಹೋಗೋತನಕ ನೋಡ್ಕೋತ ನಿಂತೆ.”