ಗುಂಡ್ಲುಪೇಟೆಯಲ್ಲಿ ನಾನು ಪಾಕಿಸ್ತಾನವಾಗಿದ್ದ ದಿನ

ಆಗ ನಾನು ಚಾಮರಾಜನಗರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ರಾಜ್ಯಶಾಸ್ತ್ರದ ಮೇಡಂ ಒಂದು ಬೆಳಿಗ್ಗೆ ತರಗತಿಗೆ ಬಂದವರೇ ಪಾಠ ಶುರು ಮಾಡದೆ ಸುದ್ದಿಯೊಂದನ್ನು ಹೇಳಿದರು. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ದಕ್ಷಿಣ ಏಷ್ಯಾದ ಅಣಕು ಸಮ್ಮೇಳನ ನಡೆಯಲಿದೆ. ಒಂದೊಂದು ಕಾಲೇಜಿಗೂ ಒಂದೊಂದು ದೇಶ. ನಮ್ಮ ಭಾಗದ ಭದ್ರತೆ, ಗಡಿ, ನೆರೆಹೊರೆಯ ಸಹಕಾರ ಇವೇ ವಿಷಯ. ಯಾವ ದೇಶ ಬಂದಿರುತ್ತದೋ ಆ ದೇಶದ ಪರವಾಗಿಯೇ ವಾದಿಸಬೇಕು, ಮನಸ್ಸಿನಲ್ಲಿ ಏನೇ ಇರಲಿ.

"ನಮಗೆ ಬಂದಿರೋದು ಪಾಕಿಸ್ತಾನ. ಯಾರು ಮಾತಾಡ್ತೀರಿ?" ಎಂದರು ಮೇಡಂ.

ಒಂದು ಕೈಯೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಅಲ್ಲಿಯವರೆಗೆ ಒಂದು ಸಲವೂ ವೇದಿಕೆ ಹತ್ತಿರಲಿಲ್ಲ. ಭಾಷಣ ಸ್ಪರ್ಧೆ ಎಂದರೆ ಪೇಟೆಯ ಹುಡುಗಿಯರೇ ಹೆಸರು ಕೊಟ್ಟು ಮುಗಿಸಿಬಿಡುತ್ತಿದ್ದರು. ಇದು ಯಾರಿಗೂ ಬೇಡವಾದ ಜಾಗ, ಹಾಗಾಗಿ ನನಗೆ ಸಿಗಬಹುದಾದ ಜಾಗ ಎಂದು ಹೊಳೆದದ್ದೇ ತಡ, ಕೈ ಎತ್ತಿಬಿಟ್ಟೆ. ನಮ್ಮೂರಾದ ಉಮ್ಮತ್ತೂರಿನಲ್ಲಿ ಬಸ್ಸಿಳಿಯುವವರೆಗೂ ಆ ದೇಶದ ಪರವಾಗಿ ಏನು ಮಾತಾಡಲಿ ಎಂದೇ ಯೋಚಿಸುತ್ತಿದ್ದೆ.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತು. ನನ್ನ ಅಕ್ಕನ ಗಂಡ ರಾಜಸ್ಥಾನದ ಗಡಿಯಲ್ಲಿ ಕಾವಲಿಗಿದ್ದರು. ಅಕ್ಕ ಮಗುವನ್ನು ಕಟ್ಟಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅವ್ವ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಯಾನಮ್ಮಿ, ಬೇರೆ ದೇಸನೇ ಸಿಗ್ನಿಲ್ವಾ ನಿಂಗೆ? ನಿಮ್ ಬಾವ ಅಲ್ಲಿ ಬಂದೂಕ ಇಡ್ಕಂಡು ನಿಂತವ್ನೆ, ನೀನು ಇಲ್ಲಿ ಅವ್ರ ಕಡೆ ಮಾತಾಡಿಯಾ?"

"ನಾಟ್ಕ ಇದ್ದಂಗೆ ಕಣವ್ವ," ಎಂದೆ.

ರಾತ್ರಿ ಊಟಕ್ಕೆ ಮೊದಲು ಭಾವನ ವಿಡಿಯೋ ಕರೆ ಬಂದಾಗ ಅಕ್ಕ ಫೋನನ್ನು ನೇರವಾಗಿ ನನ್ನ ಮುಖದ ಮುಂದೆ ಹಿಡಿದು, "ತಗೊ, ಇಸ್ಯ ನೀನೇ ಏಳು" ಎಂದಳು. ತೊದಲುತ್ತ ಹೇಳಿದೆ. ಭಾವ ಮೊದಲು ಜೋರಾಗಿ ನಕ್ಕರು. ಆಮೇಲೆ ಯೋಚನೆ ಮಾಡಿ, ಹೇಳಬಹುದಾದಷ್ಟನ್ನೇ ಹೇಳುತ್ತೇನೆ ಎಂದು ಒಂದು ಸಂಗತಿ ಹೇಳಿದರು. ಒಮ್ಮೆ ಮುದುಕನೊಬ್ಬ ಮೇಕೆ ಹುಡುಕಿಕೊಂಡು ದಾರಿ ತಪ್ಪಿ ಈ ಕಡೆಗೆ ಬಂದುಬಿಟ್ಟಿದ್ದ. ವಿಚಾರಣೆ ಮಾಡಿದರು, ಪಾಪದವನೆಂದು ಖಾತ್ರಿಯಾಯಿತು. ಎರಡೂ ಕಡೆಯ ಅಧಿಕಾರಿಗಳು ಗಡಿಯಲ್ಲಿ ಬಾವುಟ ಹಿಡಿದು ಭೇಟಿಯಾಗಿ, ಅವನನ್ನು ಅವರ ಕೈಗೆ ಒಪ್ಪಿಸಿದರು.

"ಅವ್ರನ್ನ ನಂಬ್ಕಂಡು ಕೊಟ್ಟೊ ಅಂತ ತಿಳ್ಕಬೇಡ ಕಣಮ್ಮಿ," ಎಂದರು ಭಾವ. "ಅವತ್ತೂ ನಮ್ಮ ಬೆರಳು ಎಲ್ಲಿರ್ಬೇಕೋ ಅಲ್ಲೇ ಇತ್ತು. ಆದ್ರೆ ಮಾತಾಡಕ್ಕೆ ಒಂದು ದಾರಿ ಇತ್ತು ನೋಡು, ಅದ್ಕೇ ಆ ಮುದ್ಕ ಮನೆಗೋದ. ನೀ ಓಗು, ಚೆನ್ನಾಗ್ ಮಾತಾಡು."

ಅವ್ವ ಆಮೇಲೆ ತಕರಾರು ಮಾಡಲಿಲ್ಲ. ಸಮ್ಮೇಳನದ ದಿನಕ್ಕೆ ಅಕ್ಕ ತನ್ನ ಹಸಿರು ಸೀರೆಯನ್ನು ತಾನೇ ಇಸ್ತ್ರಿ ಮಾಡಿ ಉಡಿಸಿದಳು.

ತೆರಕಣಾಂಬಿ ದಾಟುವಾಗ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲಗಳು ಕಣ್ಣು ಕುಕ್ಕುವಂತೆ ಅರಳಿದ್ದವು. ನನಗೆ ನೋಡುವ ವ್ಯವಧಾನ ಎಲ್ಲಿತ್ತು? ಬಾಯಿಪಾಠ ಮಾಡಿದ್ದನ್ನು ಗುನುಗುತ್ತಲೇ ಇದ್ದೆ. ಗುಂಡ್ಲುಪೇಟೆಯ ಆ ಸಭಾಂಗಣಕ್ಕೆ ಕಾಲಿಟ್ಟಾಗ ಮೈ ಜುಮ್ಮೆಂದಿತು. ಮೇಜುಗಳನ್ನು ಕುದುರೆಯ ಲಾಳದ ಹಾಗೆ ಜೋಡಿಸಿ, ಒಂದೊಂದರ ಮೇಲೂ ದೇಶದ ಹೆಸರಿನ ಫಲಕ ಇಟ್ಟಿದ್ದರು. ಅಧ್ಯಕ್ಷತೆ ನೇಪಾಳದ್ದು. ಭಾರತ ಸರಿಯಾಗಿ ನನ್ನ ಎದುರಿಗೆ. ಅಲ್ಲಿ ಕೂತಿದ್ದವಳು ಆ ಕಾಲೇಜಿನದೇ ಹುಡುಗಿ, ನನ್ನ ಓರಗೆಯವಳು, ನೀಲಿ ಸ್ಕಾರ್ಫನ್ನು ತಲೆಗೆ ಒಪ್ಪವಾಗಿ ಸುತ್ತಿಕೊಂಡಿದ್ದಳು. ಅವಳ ಅಪ್ಪನದು ತರಕಾರಿ ವ್ಯಾಪಾರ, ಕೇರಳಕ್ಕೆ ಲಾರಿ ಕಳಿಸುತ್ತಾರೆ ಎಂದು ಪಕ್ಕದ ಬಾಂಗ್ಲಾದೇಶದವನು ಪಿಸುಗುಟ್ಟಿದ.

ನನ್ನ ಸರದಿ ಬಂತು. ಎದ್ದು ನಿಂತು, "ನನ್ನ ದೇಶವಾದ ಪಾಕಿಸ್ತಾನದ ಪರವಾಗಿ" ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೂಗು ಬಂತು.

"ಅಷ್ಟ್ ಆಸೆ ಇದ್ರೆ ಅಲ್ಗೇ ಒಂಟೋಗಮ್ಮಿ."

ಸಭೆ ಗೊಳ್ಳೆಂದಿತು. ಇನ್ನೊಬ್ಬ ಸಿಳ್ಳೆ ಹಾಕಿದ. ಅಷ್ಟು ದಿನ ಉರು ಹೊಡೆದದ್ದೆಲ್ಲ ತಲೆಯಿಂದ ಒಮ್ಮೆಗೇ ಇಳಿದುಹೋಯಿತು. ಅಧ್ಯಕ್ಷನಾಗಿದ್ದ ನೇಪಾಳದ ಹುಡುಗ ಮೇಜು ತಟ್ಟಿದರೂ ಯಾರೂ ಕಿವಿಗೊಡಲಿಲ್ಲ. ಆಗ ಎದುರಿನ ಮೇಜಿನಿಂದ ಭಾರತದ ಹುಡುಗಿ ಎದ್ದು ನಿಂತಳು. ಅವಳು ಕೂಗಲಿಲ್ಲ. ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡಳು, ಅಷ್ಟೆ.

"ಅಧ್ಯಕ್ಷರೇ, ಇವರ ಮಾತು ಪೂರ್ತಿ ಮುಗಿಯಬೇಕು. ಇವರಿಗೆ ಉತ್ತರ ಕೊಡಲು ನಾನು ತಯಾರಾಗಿ ಬಂದಿದ್ದೇನೆ. ಇವರನ್ನೇ ಕೂರಿಸಿಬಿಟ್ಟರೆ ಭಾರತ ಯಾರ ಜೊತೆ ಮಾತಾಡಬೇಕು?"

ಸಭೆ ತಣ್ಣಗಾಯಿತು. ನಾನು ಮಾತಾಡಿದೆ. ಮೊದಲ ಎರಡು ವಾಕ್ಯ ನಡುಗಿದವು, ಆಮೇಲೆ ಧ್ವನಿ ತಾನಾಗಿ ಎದ್ದು ಬಂತು. ನದಿ ನೀರು, ಪ್ರವಾಹ, ಸಮುದ್ರದಲ್ಲಿ ಗಡಿ ತಿಳಿಯದೆ ಸಿಕ್ಕಿಬೀಳುವ ಮೀನುಗಾರರು, ಎಲ್ಲವನ್ನೂ ಹೇಳಿದೆ. ಕೂತಾಗ ಕಾಲು ನೆಲದ ಮೇಲಿರಲಿಲ್ಲ.

ಆದರೆ ಅವಳು ತಯಾರಾಗಿ ಬಂದಿದ್ದೇನೆ ಎಂದದ್ದು ಬರೀ ಮಾತಲ್ಲ. ಎದ್ದು ನನ್ನ ವಾದವನ್ನು ಎಳೆಎಳೆಯಾಗಿ ಬಿಡಿಸಿ ಹಾಕಿದಳು. "ನಿಮ್ಮ ನೆಲದಿಂದ ಬಂದು ನಮ್ಮ ಜನರನ್ನು ಕೊಂದವರನ್ನು ಏನು ಮಾಡಿದಿರಿ? ಅದಕ್ಕೆ ಉತ್ತರ ಕೊಟ್ಟು ಆಮೇಲೆ ಸಹಕಾರದ ಮಾತಾಡಿ" ಎಂದಳು. ನನ್ನೊಳಗಿನ ಉಮ್ಮತ್ತೂರಿನ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. ಹೊರಗೆ ಕೂತಿದ್ದ ಪಾಕಿಸ್ತಾನ ಮುಖ ಬಿಗಿದುಕೊಂಡು, ಸಾಕ್ಷ್ಯ ಕೊಡಿ ಎಂದಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಧ್ಯಕ್ಷ, ಊಟದ ಹೊತ್ತಿನಲ್ಲಿ ನೀವಿಬ್ಬರೂ ಕೂತು ಒಂದು ಜಂಟಿ ಹೇಳಿಕೆ ತರದಿದ್ದರೆ ಸಮ್ಮೇಳನ ವಿಫಲ ಎಂದು ಬರೆಸುತ್ತೇನೆ ಎಂದುಬಿಟ್ಟ.

ಪಲಾವಿನ ತಟ್ಟೆ ಹಿಡಿದುಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಮೊದಲು ನಾನೇ ಕೇಳಿದೆ.

"ಅವ್ರು ಕೂಗಿದ್ದು ನಿಮ್ಗೇ ಅನುಕೂಲ ಆಗ್ತಿತ್ತು. ಯಾಕ್ ನಿಲ್ಸಿದ್ರಿ?"

ಅವಳು ಮೊಸರುಬಜ್ಜಿ ಕಲಸುತ್ತ ಹೇಳಿದಳು: "ಅಲ್ಲಿಗೇ ಹೋಗು ಅನ್ನೋ ಮಾತು ನಾನು ಸ್ಕೂಲಿನಿಂದ ಕೇಳ್ತಾ ಬಂದಿದೀನಿ. ನಿಮಗೆ ಇದು ಹೊಸದು ಅಂತ ನಿಮ್ಮ ಮುಖ ನೋಡಿದಾಗಲೇ ಗೊತ್ತಾಯ್ತು." ಒಂದು ತುತ್ತು ಮುಗಿಸಿ, "ಭಾರತ ಬಂದಿದೆ ಅಂತ ಗೊತ್ತಾದ ದಿನ ನಾನು ಮನೆಯಲ್ಲಿ ಕುಣಿದಾಡಿದೀನಿ. ಅದನ್ನ ಹಂಗೆ ಸುಮ್ನೆ ಗೆಲ್ಲೋಕೆ ನನಗೆ ಇಷ್ಟ ಇರ್ಲಿಲ್ಲ" ಎಂದಳು.

ನಾನು ಅವಳಿಗೆ ಭಾವ ಹೇಳಿದ್ದ ಮುದುಕನ ಸಂಗತಿ ಹೇಳಿದೆ. ಅವಳು ತಟ್ಟೆ ಕೆಳಗಿಟ್ಟಳು. ಕೊರೊನಾ ಕಾಲದಲ್ಲಿ ಕೇರಳದ ಗಡಿ ಬಿಗಿಯಾದಾಗ ಅವಳಪ್ಪ ಆ ಕಡೆಯ ವ್ಯಾಪಾರಿಗಳ ಜೊತೆ ದಿನವೂ ಫೋನಿನಲ್ಲೇ ಜಗಳವಾಡುತ್ತ, ಗಡಿಯವರೆಗೆ ನಮ್ಮ ಲಾರಿ, ಅಲ್ಲಿಂದಾಚೆಗೆ ನಿಮ್ಮ ಲಾರಿ ಎಂದು ಒಪ್ಪಿಸಿದ್ದರಂತೆ. "ಜಗಳ ಆಡ್ತಾನೇ ಇದ್ರು. ಆದ್ರೆ ಫೋನು ಮಾತ್ರ ಇಡ್ತಿರ್ಲಿಲ್ಲ" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲ ವಾಕ್ಯ ಅಲ್ಲೇ ಹುಟ್ಟಿತು: ಎಂಥ ಬಿಕ್ಕಟ್ಟಿನಲ್ಲೂ ಎರಡು ದೇಶಗಳ ನಡುವಿನ ಮಾತಿನ ದಾರಿಯನ್ನು ಮುಚ್ಚುವುದಿಲ್ಲ.

ಎರಡನೆಯದೇ ಯುದ್ಧ. "ತಮ್ಮ ನೆಲವನ್ನು ಇನ್ನೊಂದು ದೇಶದ ಮೇಲಿನ ದಾಳಿಗೆ ಬಳಸಲು ಬಿಡುವುದಿಲ್ಲ" ಎಂದು ಅವಳು. "ಬಿಡದಿರಲು ಯತ್ನಿಸುತ್ತೇವೆ" ಎಂದು ನಾನು.

"ಯತ್ನ ಅಂದ್ರೆ ಏನೂ ಮಾಡಲ್ಲ ಅಂತ. ಆ ಪದ ಇದ್ರೆ ನಾನು ಏಳ್ತೀನಿ."

"ಏಳಿ. ವಿಫಲ ಅಂತ ಬರೆಸ್ತಾರೆ."

ಅವಳು ಏಳಲಿಲ್ಲ, ನಾನೂ ಏಳಲಿಲ್ಲ. ಪಲಾವು ಆರಿ ಗಟ್ಟಿಯಾಯಿತು. ಇಬ್ಬರಿಗೂ ಕೆನ್ನೆ ಕೆಂಪಾಗಿತ್ತು, ಆದರೂ ಒಳಗೊಳಗೇ ಹಬ್ಬದಂಥ ಖುಷಿ. ಕೊನೆಗೆ "ಬಿಡುವುದಿಲ್ಲ" ಎನ್ನುವುದಕ್ಕೆ ನಾನು ಒಪ್ಪಿದೆ. ಬದಲಿಗೆ, ದೂರು ಬಂದರೆ ಎರಡೂ ಕಡೆಯವರು ಕೂತು ಸಾಕ್ಷ್ಯ ನೋಡಬೇಕು ಎನ್ನುವುದನ್ನು ಅವಳು ಒಪ್ಪಿದಳು. ಅಷ್ಟರಲ್ಲಿ ಶ್ರೀಲಂಕಾ ಓಡಿಬಂದು ತನ್ನ ಮೀನುಗಾರರನ್ನೂ ಸೇರಿಸಿ ಎಂದಿತು. ಬಾಂಗ್ಲಾದೇಶ ಪ್ರವಾಹದ ಮುನ್ಸೂಚನೆ ತನಗೂ ಬೇಕೆಂದಿತು. ಭೂತಾನದವನು ಎರಡನೇ ಸಲ ಪಲಾವು ಹಾಕಿಸಿಕೊಂಡು ಬಂದು, ಎಲ್ಲಕ್ಕೂ ನನ್ನ ಒಪ್ಪಿಗೆ ಇದೆ ಎಂದ.

ಹೇಳಿಕೆಯನ್ನು ಇಬ್ಬರೂ ಒಂದೊಂದು ವಾಕ್ಯದಂತೆ ಸರದಿಯಲ್ಲಿ ಓದಿದೆವು. ಮುಂದಿನ ಸಾಲಿನಲ್ಲಿದ್ದ ನಮ್ಮ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರಲ್ಲಿ ಕೆಲವರು ತಟ್ಟಿದರು, ಕೆಲವರು ಮೊಬೈಲ್ ನೋಡುತ್ತಿದ್ದರು. ಮೊದಲ ಬಹುಮಾನ ಶ್ರೀಲಂಕಾಕ್ಕೆ ಹೋಯಿತು. ನನಗೆ ಹೊಟ್ಟೆಯುರಿಯಿತು, ಸುಳ್ಳು ಯಾಕೆ ಹೇಳಲಿ. ಅವಳು ನನ್ನ ಕೈ ಅದುಮಿ, "ತೀರ್ಪುಗಾರರಿಗೆ ಏನೂ ಗೊತ್ತಿಲ್ಲ ಬಿಡೇ" ಎಂದಳು. ನೀವು ಹೋಗಿ ನೀನು ಆದದ್ದು ಆಗಲೇ.

ಸಂಜೆ ಮನೆ ಮುಟ್ಟಿದಾಗ ಅಪ್ಪ ಬದನಗುಪ್ಪೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದಿದ್ದ. ಅಕ್ಕಪಕ್ಕದವರೂ ಜಗಲಿಯಲ್ಲಿ ಸೇರಿದ್ದರು. ನಾನು ಎರಡೂ ದೇಶವಾಗಿ, ಇತ್ತಿಂದತ್ತ ಜಾಗ ಬದಲಿಸುತ್ತ, ಇಡೀ ಸಮ್ಮೇಳನವನ್ನು ಅವರ ಮುಂದೆ ನಡೆಸಿದೆ. ಅಕ್ಕ ಅದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಳು.

ಅಪ್ಪ ಬೀಡಿ ಆರಿಸಿ ಕೇಳಿದ: "ಸರಿ ಕಣಮ್ಮಿ, ಬರ್ದಂಗೆ ಅವ್ರು ನಡ್ಕಣ್ನಿಲ್ಲ ಅಂದ್ರೆ?"

"ಕಾವ್ಲು ಇದ್ದೇ ಇರ್ತದೆ ಕಣಪ್ಪ. ಇನ್ನೊಂದ್ ಸತಿ ಕರ್ದು ಕೂರ್ಸ್‌ಬೇಕು."

"ಅವಾಗ್ಲೂ ನಡ್ಕಣ್ನಿಲ್ಲ ಅಂದ್ರೆ?"

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಗುಂಡ್ಲುಪೇಟೆಯವಳು. ಎರಡನೇ ವಾಕ್ಯದಲ್ಲಿ ಇನ್ನೂ ಒಂದು ತೂತು ಉಳಿದಿದೆ, ಅದರಲ್ಲಿ ನೀನು ನುಣುಚಿಕೊಳ್ಳಬಹುದು ಎಂದಳು. ಇಲ್ಲವೇ ಇಲ್ಲ ಎಂದೆ. ಅಪ್ಪನ ಪ್ರಶ್ನೆಯನ್ನೂ ಅವಳ ಮುಂದಿಟ್ಟು, ಸೆರಗು ಸಿಕ್ಕಿಸಿಕೊಂಡು, ಸಿಗ್ನಲ್ ಚೆನ್ನಾಗಿ ಸಿಗುವ ರಸ್ತೆಯ ಕಡೆಗೆ ಮಾತಾಡುತ್ತಲೇ ನಡೆದೆ.