ದೊರೆ ಕಟ್ಟಿಸಿದ ದೇವರಗೂಡು

ಯಾವ ಮನೆ ಕಂಡರೂ ನನ್ನ ಕಣ್ಣು ಬಾಗಿಲಿಗಿಂತ ಮೊದಲು ಛಾವಣಿಯ ಕಡೆ ಹೋಗುತ್ತದೆ. ಹೊಗೆ ಏಳುತ್ತಿದೆಯೇ ಎಂದು ನೋಡಿಕೊಳ್ಳದೆ ನನಗೆ ಸಮಾಧಾನವಿಲ್ಲ. ಮೊಮ್ಮಕ್ಕಳು ಇದನ್ನು ಮುಪ್ಪಿನ ಚಾಳಿ ಎನ್ನುತ್ತಾರೆ. ನೀವೂ ಹಾಗೆ ಅನ್ನುವ ಮೊದಲು, ಕೊಪ್ಪಳದ ಸ್ಟೇಷನ್ನಿನ ಹತ್ತಿರ ನಾನು ಸೊಸೆಯಾಗಿ ಸೇರಿದ ಮನೆಯ ಕಥೆ ಕೇಳಿಬಿಡಿ.

ಮಂಗಳೂರಿನಲ್ಲಿ, ಅಂದರೆ ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು, ಮಣ್ಣಿನ ಮಾಳಿಗೆಯಡಿ ಬೆಳೆದವಳು ನಾನು. ಗಂಡನ ಮನೆ ಕಂಡು ಮೊದಲು ಬಂದದ್ದು ನಗು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೈಲು ದಾರಿ ಹಾಕಿಸಲು ಬಂದ ಇಂಗ್ಲಿಷ್ ದೊರೆಯೊಬ್ಬ ತನ್ನ ಊರನ್ನು ನೆನೆದು ಕಟ್ಟಿಸಿದ್ದನಂತೆ. ಹಿಮ ಜಾರಿ ಬೀಳಲೆಂದು ಕಡಿದಾದ ಹೆಂಚಿನ ಛಾವಣಿ. ನಮ್ಮಲ್ಲಿ ಅದರ ಮೇಲಿಂದ ಜಾರುತ್ತಿದ್ದದ್ದು ಮಂಗಗಳು ಮಾತ್ರ. ಕಿಟಕಿಗೆ ಕೆಂಪು, ನೀಲಿ ಗಾಜು. ಪಡಸಾಲೆಯ ಅಂಚಿಗೆ ಕಟ್ಟಿಗೆಯ ಕುಸುರಿ. ಗೋಡೆಗಳು ಮಾತ್ರ ಕೊಪ್ಪಳದ ಗುಡ್ಡದ ಕಲ್ಲಿನವು. ದೊರೆ ಹೋಗುವಾಗ ನಮ್ಮ ಎದುರುಮನೆಯ ಖಾದರ್ ಸಾಹೇಬರ ತಂದೆ ಅದನ್ನು ಕೊಂಡು, ಹೆಣ್ಣುಮಕ್ಕಳ ಮರೆಗೆಂದು ಹಿತ್ತಲಲ್ಲಿ ಗೋಡೆ ಎಬ್ಬಿಸಿದರು. ಸಾಹೇಬರಿಂದ ಅದನ್ನು ಕೊಂಡ ನನ್ನ ಮಾವ, ಹತ್ತಿಯ ವ್ಯಾಪಾರದವರು, ಆ ಗೋಡೆಗೇ ಒರಗಿಸಿ ದನದ ಕೊಟ್ಟಿಗೆ ಹಾಕಿಸಿದರು.

ಸಾಹೇಬರು ಮನೆ ಮಾರಿದ್ದರೇ ಹೊರತು ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಎದುರಿನ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ದಿನಾ ಬೆಳಿಗ್ಗೆ ಬಂದು, ಗೋಡೆಗೆ ಮೊಳೆ ಹೊಡೆದವರಾರು, ಗಾಜು ಒರೆಸಿ ಎಷ್ಟು ಕಾಲವಾಯಿತು ಎಂದು ತಪಾಸಣೆ ಮಾಡಿ ಹೋಗುತ್ತಿದ್ದರು. ನನ್ನ ಅತ್ತೆ ಗೊಣಗುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಸಾಹೇಬರು ಎಂದೂ ಬಾಯಿ ಹಾಕಲಿಲ್ಲ.

ದೊಡ್ಡ ಕೋಣೆಯ ಗೋಡೆಯಲ್ಲೊಂದು ಗೂಡಿತ್ತು. ಎರಡೂ ಬದಿಗೆ ಕಲ್ಲಿನ ಕಂಬ, ಮೇಲೆ ಸಾಗವಾನಿ ಹಲಗೆ, ನೋಡಿದರೆ ಗುಡಿಯ ಬಾಗಿಲು. ಅತ್ತೆ ಅದರೊಳಗೆ ಹುಲಿಗೆಮ್ಮನ ಬೆಳ್ಳಿ ಮುಖವಿಟ್ಟು ದೀಪ ಹಚ್ಚಿದ್ದರು. ಧೂಪದ ಹೊಗೆ ಮೇಲಕ್ಕೆ ಹೋಗಲು ದಾರಿಯನ್ನೂ ಬಿಟ್ಟಿದ್ದಾನೆಂದು ದೊರೆಯ ದೈವಭಕ್ತಿಯನ್ನು ಬಂದವರೆದುರು ಕೊಂಡಾಡುತ್ತಿದ್ದರು. ಕೊಪ್ಪಳದ ಬಿಸಿಲಲ್ಲಿ, ಮೈ ಕಾಯಿಸಿಕೊಳ್ಳಲು ಮನೆಯೊಳಗೆ ಒಲೆ ಕಟ್ಟಿಸಿಯಾರು ಎಂದು ನಮಗಾದರೂ ಹೇಗೆ ಹೊಳೆಯಬೇಕು?

ನಿಜಾಮರ ರಾಜ್ಯದ ಕೊನೆಯ ಬೇಸಿಗೆಯಲ್ಲಿ ಊರಿನ ನಗು ಬತ್ತಿತು. ಜನ ಗಡಿಯಾಚೆಯ ಗದಗಿಗೆ ರೈಲು ಹತ್ತತೊಡಗಿದರು. ನಿಜಾಮರ ಕಡೆಯ ಬಂದೂಕಿನವರು ಖಾಲಿ ಮನೆಗಳ ಬೀಗ ಒಡೆದು ತಮ್ಮವರನ್ನು ಕೂರಿಸುತ್ತಿದ್ದರು. ಮಾವ ತೀರಿಕೊಂಡಿದ್ದರು, ನಮಗೆಂದು ಉಳಿದದ್ದು ಆ ಮನೆಯೊಂದೇ. ಹೋದರೆ ಮನೆ ಹೋಗುತ್ತದೆ, ಇದ್ದರೆ ಜೀವ. ಕೊನೆಗೆ ನನ್ನವರು ಗಂಟುಮೂಟೆ ಕಟ್ಟಿದರು. ಅತ್ತೆ ಹುಲಿಗೆಮ್ಮನನ್ನು ಮಡಿಲಲ್ಲಿ ಕಟ್ಟಿಕೊಂಡು, ಕೀಲಿಯನ್ನು ಸಾಹೇಬರ ಮುಂದಿಟ್ಟರು.

“ಆ ಗೂಡೊಂದು ಕತ್ತಲ ಬೀಳಬಾರದ್ರಿ,” ಎಂದರು. ಸಾಹೇಬರು ತಲೆಯಾಡಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮರ ಆಡಳಿತವೂ ಮುಗಿಯಿತು. ನಾವು ಮೂವರೂ ಮರಳುವ ರೈಲು ಹತ್ತಿದೆವು. ಭಾನಾಪುರ ದಾಟಿತು, ಕೋಟೆಯ ಗುಡ್ಡ ಕಂಡಿತು, ನಮ್ಮ ಹೆಂಚು ಕಂಡಿತು, ಅದರ ಮೇಲೆ ಹೊಗೆ.

“ಸುಟ್ಟಾರ,” ಎಂದರು ನನ್ನವರು.

ಅತ್ತೆ ಮಡಿಲ ಗಂಟನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ಕಿಟಕಿಗೆ ಮುಖ ಒತ್ತಿ ನೋಡಿದೆ. ಸುಟ್ಟ ಮನೆಯ ಹೊಗೆ ಹೀಗೆ ಒಂದೇ ಕಡೆಯಿಂದ ತೆಳ್ಳಗೆ ಏಳುವುದಿಲ್ಲ. ಹಾಗಾದರೆ ಯಾರೋ ಒಳಗೆ ಸಂಸಾರ ಹೂಡಿದ್ದಾರೆ. ಎರಡರಲ್ಲಿ ಯಾವುದು ವಾಸಿ ಎಂದು ನನಗೆ ತಿಳಿಯಲಿಲ್ಲ. ಅಷ್ಟು ಹೆದರಿಕೆ ಮತ್ತೆಂದೂ ನನಗೆ ಆಗಿಲ್ಲ.

ಬಾಗಿಲು ಒಳಗಿನಿಂದ ಹಾಕಿತ್ತು. ನನ್ನವರು ಬಡಿದರು. ತೆರೆದವರು ಖಾದರ್ ಸಾಹೇಬರು. ಬನಿಯನ್ ಬೆವರಿನಲ್ಲಿ ತೊಯ್ದಿತ್ತು, ಕೈಯಲ್ಲಿ ಬೀಸಣಿಕೆ. ಅವರ ಹಿಂದೆ, ಹುಲಿಗೆಮ್ಮನ ಗೂಡಿನಲ್ಲಿ, ಹತ್ತಿಕಟ್ಟಿಗೆ ಧಗಧಗ ಉರಿಯುತ್ತಿತ್ತು. ದೇವರ ದೀಪ ಹಚ್ಚುವ ರೀತಿ ನನಗೆ ತಿಳಿಯದು, ಗೂಡು ಕತ್ತಲಾಗದಂತೆ ಮಾತ್ರ ನೋಡಿಕೊಂಡೆ ಎಂದರು. ಬಂದೂಕಿನವರು ಬಂದಿದ್ದರಂತೆ. ಹೊಗೆ ಕಂಡು ಒಳಗೆ ಯಾರೆಂದು ಕೇಳಿದರಂತೆ. ಮನೆಯ ಧಣಿ ನಾನೇ ಎಂದು ಸಾಹೇಬರು ಗದರಿಸಿ ಕಳಿಸಿದರಂತೆ. ಹಾಗೆ ಹೇಳುವಾಗ ಸಾಹೇಬರಿಗೆ ಸುಳ್ಳು ಹೇಳಿದಂತೆ ಅನ್ನಿಸಿರಲಿಕ್ಕಿಲ್ಲ.

ಅತ್ತೆ ಉರಿಯನ್ನೇ ನೋಡುತ್ತ ನಿಂತರು. “ಇದು ಒಲಿ ಏನ್ರಿ?”

“ಹೌದ್ರಿ ಅವ್ವಾರ.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ರಿ?”

“ದ್ಯಾವ್ರು ಆರಾಮ ಕುಂತಿದ್ರು. ಎಬ್ಬಸೂದು ಹೆಂಗ್ರಿ?”

ಈಗ ಬೀದಿಯಲ್ಲಿ ಸೇಡಿನ ಮಾತಿತ್ತು. ಹೆದರುವ ಸರದಿ ಸಾಹೇಬರದು. ಕೀಲಿ ಒಪ್ಪಿಸಿ ಎದುರುಮನೆಗೆ ಹೊರಟವರನ್ನು ಅತ್ತೆ ತಡೆದರು. ಊರು ತಣ್ಣಗಾಗುವವರೆಗೆ ನಮ್ಮಲ್ಲೇ ಇರಬೇಕೆಂದರು. ಬೆಂಕಿ ಆರಿಸಲಿಲ್ಲ. ಹುಲಿಗೆಮ್ಮನನ್ನು ಮೇಲಿನ ಹಲಗೆಯ ಮೇಲೆ ಕೂರಿಸಿ ದೀಪ ಹಚ್ಚಿದರು.

ಮರುದಿನ ಬೆಳಿಗ್ಗೆ ತಪಾಸಣೆ ಮನೆಯೊಳಗಿನಿಂದಲೇ ಶುರುವಾಯಿತು.

“ಹಲಗಿ ಮ್ಯಾಲ ಎಣ್ಣಿ ಚೆಲ್ಲೈತ್ರಿ,” ಎಂದರು ಸಾಹೇಬರು.

ಮನೆ ಮಾರಿ ಇಷ್ಟು ವರ್ಷವಾದರೂ ಈ ಮನುಷ್ಯನ ಕಾಟ ತಪ್ಪಲಿಲ್ಲವಲ್ಲ ಎಂದು, ಅವರಿಗೆ ಕೇಳುವಷ್ಟು ಜೋರಾಗಿಯೇ ಅತ್ತೆ ನನ್ನೆದುರು ಗೊಣಗಿದರು. ಗೊಣಗುತ್ತಲೇ ಹೋಗಿ, ಸೆರಗಿನ ತುದಿಯಿಂದ ಎಣ್ಣೆ ಒರೆಸಿದರು.