ಹದಿನೈದು ಸುತ್ತು

ಹೋದ ತಿಂಗಳು ಮಾಲೂರಿನ ನಮ್ಮ ಶಾಲೆಯ ಮೈದಾನದ ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪು ತುಂಬಿದ ಲಗೇಜ್ ಆಟೋ ಒಂದು ಹಾದುಹೋಯಿತು. ಬಿಸಿಲಿಗೆ ಬಾಡುತ್ತಿದ್ದ ಆ ಸೊಪ್ಪಿನ ಸ್ವಲ್ಪ ಒಗರು, ಸ್ವಲ್ಪ ಸಿಹಿ ವಾಸನೆ ಮೂಗಿಗೆ ಬಂದಾಗ ನಾನು ಸೀಟಿ ಕಚ್ಚಿಕೊಂಡು ನಿಂತಿದ್ದೆ. ಖೋ ಖೋ ಅಭ್ಯಾಸದಲ್ಲಿ ಮೈ ಬಗ್ಗಿಸದೆ ಸುಮ್ಮನೆ ಕಾಲೆಳೆಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಮೈದಾನ ಸುತ್ತುವ ಶಿಕ್ಷೆ ಕೊಟ್ಟಿದ್ದೆ. ಅವಳು ಮೂರನೇ ಸುತ್ತಿನಲ್ಲಿದ್ದಳು. ಆ ವಾಸನೆ ಬಂದ ಮೇಲೆ ನನ್ನ ಕೈಲಿ ನೋಡಲಾಗಲಿಲ್ಲ. "ಸಾಕು, ಬಾರಮ್ಮ" ಎಂದು ಕರೆದು, ಯಾಕೆ ಹೀಗಾಡುತ್ತಿದ್ದೀಯ, ಮನೆಯಲ್ಲಿ ಏನಾದರೂ ಕಷ್ಟವಾ, ಹುಷಾರಿಲ್ಲವಾ ಎಂದೆಲ್ಲ ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, "ಏನಿಲ್ಲ ಮೇಡಂ, ಸುಮ್ನೆ ಬೇಜಾರು" ಎಂದಳು. ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳನ್ನು ಆಡಿಸುತ್ತಿದ್ದೇನೆ. ಮೈಗಳ್ಳತನ ಮಾಡಿದ ಮಗುವನ್ನು ಶಿಕ್ಷಿಸಬೇಕೋ ಬೇಡವೋ ಎಂಬ ಒಂದು ಸಣ್ಣ ಪ್ರಶ್ನೆಯನ್ನು ಇನ್ನೂ ಬಗೆಹರಿಸಿಕೊಳ್ಳಲಾಗಿಲ್ಲ. "ನಾಲ್ಕು ಬಿಡಿ ಮೇಡಂ, ಸರಿಹೋಗ್ತಾಳೆ" ಎನ್ನುವ ಅಪ್ಪಂದಿರ ಮೇಲೂ, "ಮಗೂನ ಯಾಕೆ ಓಡಿಸಿದ್ರಿ" ಎಂದು ಜಗಳಕ್ಕೆ ಬರುವ ಅಮ್ಮಂದಿರ ಮೇಲೂ ನನಗೆ ಒಂದೇ ಸಮನೆ ಸಿಟ್ಟು ಬರುತ್ತದೆ. ಅವರಿಗೆಲ್ಲ ಉತ್ತರ ಅಷ್ಟು ಸಲೀಸಾಗಿ ಹೇಗೆ ಸಿಕ್ಕಿಬಿಟ್ಟಿತು?

ನಾನು ಬೆಳೆದದ್ದು ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಒಂದು ಕೂಡು ಮನೆಯಲ್ಲಿ. ಮನೆಗೆ ಅಂಟಿಕೊಂಡೇ ಹುಳುಮನೆಯಿತ್ತು. ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವಾಗ ಬರುವ ಸರಸರ ಸದ್ದು, ತಟ್ಟೆಯ ತುಂಬ ತಣ್ಣಗೆ ಹರಿದಾಡುವ ಬಿಳಿ ಮೈಗಳು, ಹಿಕ್ಕೆಯ ಕಮಟು, ಬಾಗಿಲಿಗೆ ಕಟ್ಟಿದ ಒದ್ದೆ ಗೋಣಿತಾಟಿನ ತಂಪು, ಇವೆಲ್ಲ ಅವರ ಮೈಯಲ್ಲೇ ಉಳಿದಿರುತ್ತವೆ. ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಆ ಒಂದು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಅಜ್ಜಿ ಹಜಾರದ ಕಂಬಕ್ಕೆ ಒರಗಿ ಕೂತು ತೆಲುಗು ಕನ್ನಡ ಎರಡನ್ನೂ ಕಲಸಿ ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ನನ್ನನ್ನು ಮಾತ್ರ ಬಿಡುತ್ತಿದ್ದಳು. "ಅದಿ ಚಿನ್ನ ಪಿಲ್ಲ, ಬಿಡ್ರೇ" ಎಂದು, ಚಿಕ್ಕವಳೆಂಬ ನೆಪದಲ್ಲಿ, ಹದಿಮೂರು ತುಂಬಿದ ನನ್ನನ್ನು ಸೆರಗಿನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ನನ್ನ ಪಾಲಿನ ಕೆಲಸವೆಲ್ಲ ದೊಡ್ಡಪ್ಪನ ಮಗಳು ಮಂಜಕ್ಕನ ಮೇಲೆ ಬೀಳುತ್ತಿತ್ತು. ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಆಗ ಎಸ್ಸೆಸ್ಸೆಲ್ಸಿ. ಬೆಳಗಿನ ಜಾವಕ್ಕೇ ತೋಟಕ್ಕೆ ಹೋಗಿ ಸೊಪ್ಪಿನ ಹೊರೆ ತಂದು ಹಾಕಿ, ಜಡೆ ಹೆಣೆದುಕೊಳ್ಳುತ್ತಲೇ ನನ್ನ ಜೊತೆ ಸ್ಕೂಲಿಗೆ ಓಡುತ್ತಿದ್ದಳು.

ಓಡುವುದೆಂದರೆ ಮಂಜಕ್ಕನೇ ಓಡಬೇಕು. ಖೋ ಖೋ ಆಡುವಾಗ ಅವಳು ಕಂಬ ಹಿಡಿದು ತಿರುಗುವ ಚಂದವನ್ನು ನೋಡಲು ಹುಡುಗರೆಲ್ಲ ತಮ್ಮ ಆಟ ನಿಲ್ಲಿಸುತ್ತಿದ್ದರು. ಅವಳನ್ನು ಕಂಡುಹಿಡಿದವರು ಚೌಡಪ್ಪ ಮೇಷ್ಟ್ರು, ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರ ಬಗ್ಗೆ ಕೆಟ್ಟದ್ದು ಹೇಳಲು ಇವತ್ತಿಗೂ ನನಗೆ ನಾಲಿಗೆ ಬರುವುದಿಲ್ಲ. ಮೈದಾನದಲ್ಲಿ ತಾವೇ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆಯುತ್ತಿದ್ದರು. ಹೆಣ್ಣುಮಕ್ಕಳಿಗೆ ಆಟ ಯಾಕೆ ಎಂದ ಮನೆಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಒಪ್ಪಿಸಿ ಬರುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಅವರ ಹೆಂಡತಿ ಮಾಡಿಕೊಟ್ಟ ಕಡಲೆಕಾಳಿನ ಉಸ್ಲಿ ಡಬ್ಬಿಯಲ್ಲಿ ಬರುತ್ತಿತ್ತು. ಬೇರೆ ಮೇಷ್ಟ್ರುಗಳೆಲ್ಲ ಕೋಲು ಹಿಡಿದಿದ್ದ ಆ ಕಾಲದಲ್ಲಿ ಅವರು ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಅವರ ಶಿಕ್ಷೆ ಬೇರೆ ಥರದ್ದು. ಆಟದಲ್ಲಿ ಮೈಗಳ್ಳತನ ಮಾಡಿದವಳನ್ನು ಮೈದಾನದ ಅಂಚಿನ ಚಪ್ಪಡಿಯ ಮೇಲೆ ಕೂರಿಸುವುದು, ಮಿಕ್ಕವರನ್ನೆಲ್ಲ ಅವಳ ಕಣ್ಣೆದುರಿಗೆ ಓಡಿಸುವುದು. "ನಿನ್ ಸೋಮಾರಿತನಕ್ಕೆ ಯಾರು ಬೆವರು ಸುರಿಸ್ತಾರೆ ನೋಡಮ್ಮ" ಎನ್ನುತ್ತಿದ್ದರು. ಏಟಿಗಿಂತ ಅದು ಮೃದು ಎಂದು ಅವರು ಮನಸಾರೆ ನಂಬಿದ್ದರು.

ಕೋಲಾರದಲ್ಲಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ಒಂದು ವಾರವಿದ್ದಾಗ ಮಂಜಕ್ಕನ ಕಾಲು ನಿಧಾನವಾಯಿತು. ಆ ತಿಂಗಳು ದೊಡ್ಡಮ್ಮ ಗರ್ಭಕೋಶದ ಆಪರೇಷನ್ ಆಗಿ ಮಲಗಿದ್ದಳು, ಭಾರ ಎತ್ತುವಂತಿರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿತ್ತು. ದೊಡ್ಡಮ್ಮನ ಕೆಲಸ, ನನ್ನ ಕೆಲಸ, ತನ್ನ ಕೆಲಸ ಮೂರನ್ನೂ ಮಂಜಕ್ಕನೇ ಮಾಡುತ್ತಿದ್ದಳು. ಮೈದಾನದಲ್ಲಿ ಕೂತಲ್ಲೇ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಹಿಂದಿನಿಂದ ಖೋ ಕೊಟ್ಟರೆ ಬೆಚ್ಚಿ ಎದ್ದು ತಪ್ಪು ದಿಕ್ಕಿಗೆ ಓಡುತ್ತಿದ್ದಳು. ಮೇಷ್ಟ್ರು ಎರಡು ದಿನ ನೋಡಿದರು. ಮೂರನೆಯ ದಿನ ಅವಳನ್ನು ಚಪ್ಪಡಿಯ ಮೇಲೆ ಕೂರಿಸಿ ನಮಗೆಲ್ಲ ಹದಿನೈದು ಸುತ್ತು ಹೇಳಿದರು. ಓಡುತ್ತ ಓಡುತ್ತ ಹುಡುಗಿಯರು ಅವಳನ್ನು ಬೈದರು. "ಕ್ಯಾಪ್ಟನ್ ಅಂತ ಕೊಬ್ಬು" ಎಂದಳು ಒಬ್ಬಳು. ನಾನು ಬೈಯಲಿಲ್ಲ. ಆದರೆ ಬಾಯನ್ನೂ ಬಿಡಲಿಲ್ಲ. ಅವತ್ತು ಮನೆಗೆ ನಡೆಯುವಾಗ ಮಂಜಕ್ಕ ಒಂದೇ ಮಾತು ಹೇಳಿದ್ದಳು. "ಅಮ್ಮನ ಆಪರೇಷನ್ ವಿಷ್ಯ ಸಾರ್ ಹತ್ರ ಹೇಳ್ಬೇಡ ಕಣೇ ಪದ್ದು, ನಾಚ್ಕೆ ಆಗುತ್ತೆ." ಅದು ನನಗೆ ಒಳ್ಳೆಯ ನೆಪವಾಯಿತು. ನಿಜ ಬೇರೆ ಇತ್ತು. ತಂಡದಲ್ಲಿ ನಾನು ಎಕ್ಸ್‌ಟ್ರಾ ಆಟಗಾರ್ತಿ. ಯಾರಾದರೂ ಒಬ್ಬರು ಬಿಟ್ಟರೆ ಮಾತ್ರ ನನಗೆ ಜಾಗ. ಆಪರೇಷನ್ ವಿಷಯ ಎತ್ತದೆಯೂ "ಸಾರ್, ಅಕ್ಕನಿಗೆ ನಿದ್ದೆಯಿಲ್ಲ" ಎಂಬ ಮೂರು ಪದ ಹೇಳಬಹುದಿತ್ತು. ದಿನವೂ ಹೇಳೋಣವೆಂದುಕೊಂಡು ಹೋಗುತ್ತಿದ್ದೆ, ಮೇಷ್ಟ್ರ ಮುಂದೆ ನಿಂತಾಗ ಸುಮ್ಮನಾಗುತ್ತಿದ್ದೆ. ಇನ್ನೆರಡು ಸಲ ಅವಳು ಕೂತಳು, ನಾವು ಓಡಿದೆವು. ಪಂದ್ಯದ ಹಿಂದಿನ ದಿನ ಹೆಸರು ಓದುವಾಗ ಮೇಷ್ಟ್ರು ಅವಳನ್ನು ಬಿಟ್ಟು ನನ್ನನ್ನು ಸೇರಿಸಿದರು.

ಕೋಲಾರದಲ್ಲಿ ನಾನು ಚೆನ್ನಾಗಿಯೇ ಆಡಿದೆ. ಎಡವಿ ಬಿದ್ದಿದ್ದರೆ, ಮೊದಲ ನಿಮಿಷಕ್ಕೇ ಔಟಾಗಿದ್ದರೆ ನನಗೆ ಈಗ ಎಷ್ಟೋ ಹಗುರವಾಗಿರುತ್ತಿತ್ತು. ಎರಡು ಪಂದ್ಯ ಗೆದ್ದು, ಒಂದು ಸೋತು, ಎರಡನೇ ಸ್ಥಾನದ ಕಪ್ ಹಿಡಿದು ಬಂದೆವು. ಮಾರನೆಯ ಬೆಳಿಗ್ಗೆ ಮೇಷ್ಟ್ರು ಆ ಕಪ್ಪನ್ನು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ನಮ್ಮ ಮನೆಗೇ ಬಂದರು. ಮಂಜಕ್ಕನಿಗೆ ತೋರಿಸಬೇಕು, ಅವಳಲ್ಲಿ ಮತ್ತೆ ಹುರುಪು ತುಂಬಬೇಕು ಎಂಬುದು ಅವರ ಆಸೆ. ಹುಳು ಹಣ್ಣಾಗಿತ್ತು. ಮಂಜಕ್ಕ ಹುಳುಮನೆಯಲ್ಲಿ ಮಂಡಿಯೂರಿ, ಹಣ್ಣು ಹುಳುಗಳನ್ನು ಒಂದೊಂದೇ ಆರಿಸಿ, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು. ಅಜ್ಜಿ ಹಜಾರದಿಂದಲೇ ಹೇಳಿದಳು: "ಅವ್ಳಮ್ಮ ಮಲಗಿ ಇಪ್ಪತ್ತು ದಿನ ಆಯ್ತು ಸಾಮಿ. ಈ ಕೂಸೇ ಎಲ್ಲಾ ಮಾಡೋದು. ಮೂರು ಗಂಟೆ ಕಣ್ಣು ಮುಚ್ಚಿದ್ರೆ ದೊಡ್ಡದು."

ಮೇಷ್ಟ್ರು, "ನನಗೊಂದು ಮಾತು ಹೇಳಬಾರದಿತ್ತೇನಮ್ಮ?" ಎಂದರು.

"ನೀವು ಕೇಳ್ಲಿಲ್ವಲ್ಲ ಸಾರ್" ಎಂದಳು ಮಂಜಕ್ಕ. ಮುಖ ಎತ್ತಲಿಲ್ಲ. ದನಿಯಲ್ಲಿ ಕೋಪವೂ ಇರಲಿಲ್ಲ.

ಅವರು ನನ್ನತ್ತ ತಿರುಗಿದರು. "ಪದ್ಮಾ, ನೀನಾದ್ರೂ?" ಅಷ್ಟೇ ಕೇಳಿದ್ದು. ನಾನು ನೆಲ ನೋಡಿದೆ. ಅವರು ಕಪ್ಪನ್ನು ಜಗಲಿಯ ಮೇಲಿಟ್ಟು, ಅಮ್ಮ ತಂದ ಕಾಫಿಯನ್ನೂ ಮುಟ್ಟದೆ ಹೋದರು. ಆಮೇಲೆ ಎರಡು ಸಲ ಮಂಜಕ್ಕನನ್ನು ಕರೆಯಲು ಬಂದರು. ಅವಳು ನಯವಾಗಿಯೇ ಬೇಡವೆಂದಳು. ದೊಡ್ಡಮ್ಮ ಎದ್ದು ಓಡಾಡಿದ ಮೇಲೂ ಅವಳು ಮೈದಾನಕ್ಕೆ ಬರಲಿಲ್ಲ. ಮೇಷ್ಟ್ರು ಯಾರನ್ನೂ ಇನ್ನು ಕೂರಿಸಲಿಲ್ಲ, ಯಾರನ್ನೂ ಓಡಿಸಲೂ ಇಲ್ಲ. ಮರುವರ್ಷ ಹುಡುಗಿಯರು ತಮಗೆ ತೋಚಿದ ಹಾಗೆ ಆಡಿ ತಾಲ್ಲೂಕು ಮಟ್ಟದಲ್ಲೇ ಸೋತರು. ನನಗೆ ಮೈ ಪರಚಿಕೊಳ್ಳುವಂತಾಗುವುದು ಅಲ್ಲೇ. ಶಿಕ್ಷೆ ಕೊಟ್ಟು ಅವರು ಒಬ್ಬಳನ್ನು ಕಳೆದುಕೊಂಡರು, ಕೊಡದೆ ತಂಡವನ್ನೇ ಕಳೆದುಕೊಂಡರು. ನಿವೃತ್ತಿಯಾದ ಮೂರು ವರ್ಷಕ್ಕೆ ತೀರಿಕೊಂಡರು. ನಾನೂ ಡ್ರಿಲ್ ಟೀಚರಾದೆ ಎಂದು ಹೇಳಲು ಹೋದಾಗ, "ಮೊದ್ಲು ಕೇಳು, ಆಮೇಲೆ ಸೀಟಿ ಊದು" ಎಂದಿದ್ದರು. ಕೇಳಿದರೆ "ಸುಮ್ನೆ ಬೇಜಾರು" ಎನ್ನುವವಳನ್ನು ಏನು ಮಾಡಬೇಕೆಂದು ಅವರೂ ಹೇಳಲಿಲ್ಲ.

ಮಂಜಕ್ಕನನ್ನು ಆವನಿ ಕಡೆಗೆ ಕೊಟ್ಟಿದ್ದರು. ಸೊಪ್ಪಿನ ವಾಸನೆ ಬಡಿದ ಆ ವಾರವೇ, ಭಾನುವಾರ, ಅವಳ ಮನೆಗೆ ಹೋದೆ. ಟೊಮ್ಯಾಟೊ ತೋಟದ ಬದುವಿನ ಮೇಲೆ ಇಬ್ಬರೂ ಕೂತಿದ್ದಾಗ, ಮೂವತ್ತು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ. ಮೇಷ್ಟ್ರು ಮಾಡಿದ್ದು ತಪ್ಪಲ್ವಾ ಅಕ್ಕ ಎಂದೆ.

"ಓಡ್ಸಿದ್ರೆ ಓಡ್ತಿದ್ದೆ ಕಣೇ" ಎಂದಳು. "ಹದಿನೈದಲ್ಲ, ಮೂವತ್ತು ಓಡ್ತಿದ್ದೆ. ಕೂರಿಸ್ಬಿಟ್ರಲ್ಲ. ನೀವು ಸುತ್ತು ಬರೋವಾಗ ಒಬ್ಬೊಬ್ರ ಮುಖಾನೂ ನೋಡ್ತಾ ಇದ್ದೆ. ನಿನ್ ಮುಖ ನೋಡಿದ್ಮೇಲೆ, ಮತ್ತೆ ಎದ್ದು ಬರ್ಬೇಕು ಅನ್ನಿಸ್ಲೇ ಇಲ್ಲ."

ನನ್ನ ಮುಖದಲ್ಲಿ ಏನು ಕಂಡಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳು ಊಟಕ್ಕೆ ಎಬ್ಬಿಸಿದಳು, ಮುದ್ದೆಗೆ ಇನ್ನೊಂದು ಸೌಟು ಸಾರು ಬಡಿಸಿದಳು, ಚೀಲದ ತುಂಬ ಟೊಮ್ಯಾಟೊ ಕಟ್ಟಿಕೊಟ್ಟು ಬಸ್ಸು ಹತ್ತಿಸಿದಳು.

ಬರುವಾಗ ದಾರಿ ಬದಲಿಸಿ ನಮ್ಮೂರಲ್ಲಿ ಇಳಿದೆ. ಅಜ್ಜಿ, ದೊಡ್ಡಮ್ಮ, ಅಪ್ಪ ಯಾರೂ ಈಗಿಲ್ಲ. ಪಾಲಾದ ಮನೆಯ ಅರ್ಧಕ್ಕೆ ಶೀಟು ಹೊದಿಸಿದ್ದಾರೆ. ಹುಳುಮನೆಗೆ ಷಟರ್ ಬಂದಿದೆ, ಒಳಗೆ ಯಾರದೋ ಮಾವಿನಹಣ್ಣಿನ ಕ್ರೇಟುಗಳನ್ನು ಚಾವಣಿಯವರೆಗೆ ಪೇರಿಸಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಆ ಮನೆಯಲ್ಲಿ ಆಗ ನಾವು ಹನ್ನೊಂದು ಜನರಿದ್ದೆವು. ಮಂಜಕ್ಕ ದಣಿದಿದ್ದಾಳೆಂದು ಹನ್ನೊಂದು ಜನಕ್ಕೂ ಗೊತ್ತಿತ್ತು. ಅವರಲ್ಲಿ, ಅವಳ ಜೊತೆಗೆ ಮೈದಾನಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ.